ಎದುರಾಳಿ ಬೇಕಾಗಿದ್ದಾರೆ: ಅನುಭವ ಕಡ್ಡಾಯ

ಹಾಲಿ ಶಾಸಕರ ಎದುರು ನಿಂತು ಗೆಲ್ಲುವ ಆಸೆಯೇ? ಹಾಗಿದ್ದರೆ ತಮ್ಮಾ, ಮೊದಲು ಹೋಗಿ ಮಾಜಿ ಶಾಸಕನಾಗಿ ಬಾ. ನಮ್ಮ ರಾಯಚೂರು ಸೀಮೆಯಲ್ಲಿ ಆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವ ರೂಢಿ ಕಡಿಮೆ.

ಸಿಂಧನೂರನ್ನೇ ನೋಡು. 2008ರಲ್ಲಿ ವೆಂಕಟರಾವ್ ನಾಡಗೌಡರು, 2013ರಲ್ಲಿ ಹಂಪನಗೌಡ ಬಾದರ್ಲಿಯವರು, 2018ರಲ್ಲಿ ಮತ್ತೆ ನಾಡಗೌಡರು, 2023ರಲ್ಲಿ ಮತ್ತೆ ಬಾದರ್ಲಿಯವರು. ಕಾಲುವೆ ನೀರಿಗೆ ವಾರಾಬಂದಿ ಇದ್ದಂತೆ ಶಾಸಕಗಿರಿಗೂ ಪಾಳಿ. ಒಂದೇ ವ್ಯತ್ಯಾಸ, ಇದು ತಪ್ಪದೆ ಪಾಲನೆಯಾಗುತ್ತದೆ. ಆದರೂ ಸಿಂಧನೂರಿನವರು ಪುಣ್ಯವಂತರು. ಆ ನಾಲ್ಕೂ ಸಲ ಒಬ್ಬರು ಜೆಡಿಎಸ್, ಇನ್ನೊಬ್ಬರು ಕಾಂಗ್ರೆಸ್. ಯಾರ ಕೊರಳಲ್ಲಿ ಯಾವ ಶಾಲು ಎಂಬ ಗೊಂದಲವಿರಲಿಲ್ಲ.

ಲಿಂಗಸುಗೂರಿಗೆ ಆ ಭಾಗ್ಯವಿಲ್ಲ. ಮಾನಪ್ಪ ವಜ್ಜಲರು 2008ರಲ್ಲಿ ಬಿಜೆಪಿಯಿಂದ ಗೆದ್ದರು, 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು, 2018ರಲ್ಲಿ ಕಾಂಗ್ರೆಸ್‌ನ ಡಿ.ಎಸ್. ಹೂಲಗೇರಿಯವರಿಗೆ ಕ್ಷೇತ್ರ ಬಿಟ್ಟುಕೊಟ್ಟು 2023ರಲ್ಲಿ ಬಿಜೆಪಿಯಿಂದಲೇ ವಾಪಸು ಬಂದರು.

ಮಸ್ಕಿಯ ಲೆಕ್ಕವೇ ಬೇರೆ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು ಬರೀ 213 ಮತಗಳಿಂದ. ಸೋತವರು ಹೈಕೋರ್ಟಿಗೆ ಹೋದರು. ಗೆದ್ದವರು 2019ರಲ್ಲಿ ರಾಜೀನಾಮೆ ಕೊಟ್ಟು, ಸೋತವರ ಪಕ್ಷಕ್ಕೇ ಹೋದರು! ಒಂದು ಪಕ್ಷ, ಒಂದು ಟಿಕೆಟ್, ಇಬ್ಬರು ಗೌಡರು, ಹಿಡಿಸುವುದುಂಟೆ? ಮೊದಲಿಂದ ಒಳಗಿದ್ದವರು ಹೊರಬಿದ್ದು, ಖಾಲಿಯಾಗಿದ್ದ ಕಾಂಗ್ರೆಸ್ ಟಿಕೆಟ್ ಹಿಡಿದರು. 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಮುಖಗಳು ಅವೇ, ಶಾಲುಗಳು ಅದಲುಬದಲು. 213 ಮತಗಳಿಂದ ಸೋತಿದ್ದ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 2023ರಲ್ಲಿ ಅದೇ ಜೋಡಿ, ಗೆದ್ದವರೂ ಅವರೇ. ಪಾಪ, ಕಾರ್ಯಕರ್ತರದ್ದೇ ಕಷ್ಟ: ಬೈದ ಬಾಯಲ್ಲೇ ಜೈಕಾರ ಹಾಕಬೇಕು, ಜೈಕಾರ ಹಾಕಿದ ಬಾಯಲ್ಲೇ ಬೈಯಬೇಕು. ಹಳೆ ಭಾಷಣವನ್ನು ಮಾತ್ರ ಎರಡೂ ಕಡೆಯವರು ಎಸೆಯಬೇಕಿಲ್ಲ, ಹೆಸರು ತಿದ್ದಿದರೆ ಸಾಕು.

ಈ ಗದ್ದಲದಲ್ಲಿ ಹೆಚ್ಚೂಕಡಿಮೆ ಎರಡು ವರ್ಷ ಮಸ್ಕಿಗೆ ಶಾಸಕರೇ ಇರಲಿಲ್ಲ. ವ್ಯತ್ಯಾಸ ಗೊತ್ತಾಯಿತೇ ಎಂದು ಎಡದಂಡೆ ಕಾಲುವೆಯ ಕೊನೆಭಾಗದ ರೈತನನ್ನು ಮಾತ್ರ ಕೇಳಬೇಡ ತಮ್ಮಾ, ಅವನಿಗೆ ನಗು ಬರುತ್ತದೆ. ಉಪಚುನಾವಣೆಯ ಹೊತ್ತಿಗೆ 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತಿದ್ದರು. ಶಾಸಕರು ಪಕ್ಷದಿಂದ ಪಕ್ಷಕ್ಕೆ ಹರಿದಷ್ಟು ಸಲೀಸಾಗಿ ನೀರೂ ಹರಿಯುವುದಾಗಿದ್ದರೆ ಧರಣಿಯೇ ಬೇಕಿರಲಿಲ್ಲ.

ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ಇದೇ ಮಸ್ಕಿಯಲ್ಲಿ. ಹೇಳಿದ ಮಾತನ್ನು ಬಂಡೆಯ ಮೇಲೆ ಕೆತ್ತಿಸುವ ಧೈರ್ಯ ಅವನಿಗಿತ್ತು. ಇರದೇನು, ಟಿಕೆಟ್‌ಗಾಗಿ ಬೆಂಗಳೂರಿನಲ್ಲಿ ಕಾಯಬೇಕಿರಲಿಲ್ಲವಲ್ಲ.

ಚುನಾವಣಾ ಆಯೋಗಕ್ಕೆ ಒಂದು ಅರಿಕೆ: 2028ಕ್ಕೆ ಈ ಮೂರು ಕ್ಷೇತ್ರಗಳ ನಾಮಪತ್ರದಲ್ಲಿ ಅಭ್ಯರ್ಥಿಗಳ ಹೆಸರನ್ನು ಈಗಲೇ ಅಚ್ಚು ಹಾಕಿಸಿಬಿಡಿ. ಪಕ್ಷದ ಕಾಲಂ ಮಾತ್ರ ಖಾಲಿ ಬಿಡಿ.