ಜೇಡವಿವಾಹ ಮೀಮಾಂಸೆ

(ಗಂಡು ಜೇಡಗಳ ದಾಂಪತ್ಯ ಸಂಕಟಗಳನ್ನು ಕುರಿತು, ಯಾವ ವಿಶ್ವವಿದ್ಯಾಲಯವೂ ಕೇಳದಿದ್ದರೂ ಬರೆದ ಮಹಾಪ್ರಬಂಧದ ಸಾರಸಂಗ್ರಹ)

ಪ್ರಕರಣ 1: ಪೀಠಿಕೆ, ವ್ಯಾಪ್ತಿ ಮತ್ತು ಮಿತಿ

ಜೇಡಗಳ ಸಂಸಾರದ ವಿಷಯದಲ್ಲಿ ಲೋಕಕ್ಕೆ ಒಂದೇ ಒಂದು ಸಂಗತಿ ಗೊತ್ತಿದೆ: ಹೆಂಡತಿ ಗಂಡನನ್ನು ತಿನ್ನುತ್ತಾಳೆ. ಈ ಮಾತು ಬಂದಾಗ ಗಂಡಸರ ದನಿ ತಗ್ಗುತ್ತದೆ, ಹೆಂಗಸರ ತುಟಿಯಂಚಿನಲ್ಲಿ ನಗು ಸುಳಿಯುತ್ತದೆ. ಎರಡೂ ಶಾಸ್ತ್ರಸಮ್ಮತವಲ್ಲವಾದ ಕಾರಣ, ವಿಷಯವನ್ನು ನಿರ್ವಿಕಾರಚಿತ್ತದಿಂದ ಪರಾಮರ್ಶಿಸುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

ಲೋಕದಲ್ಲಿ ಹೆಸರು ಪಡೆದಿರುವ ಜೇಡ ಪ್ರಭೇದಗಳು 50,000ಕ್ಕೂ ಹೆಚ್ಚು. ಅಷ್ಟೂ ಮದುವೆಗಳಿಗೆ ಹೋಗಿಬರುವುದು ಆಗದ ಮಾತು. ಆದ್ದರಿಂದ, ಕರೆಯೋಲೆ ಬಾರದಿದ್ದರೂ ವಿದ್ವಾಂಸರು ತಾವಾಗಿ ಹೋಗಿ, ಗಡಿಯಾರ ಹಿಡಿದು ನೋಡಿ ಬಂದ ಕೆಲವನ್ನು ಮಾತ್ರ ಇಲ್ಲಿ ಆರಿಸಿಕೊಳ್ಳಲಾಗಿದೆ. ಪ್ರಬಂಧದ ಮಿತಿಯೆಂದರೆ, ಪ್ರಬಂಧಕಾರ ಗಂಡಸು. ಆತನ ನಿಷ್ಪಕ್ಷಪಾತವನ್ನು ಓದುಗರು ಸ್ವಂತ ಹೊಣೆಯ ಮೇಲೆ ನಂಬತಕ್ಕದ್ದು.

ಪ್ರಕರಣ 2: ಪೂರ್ವಸೂರಿಗಳ ಸ್ಮರಣೆ

ಮುಂಡಕೋಪನಿಷತ್ತು ಅಕ್ಷರಬ್ರಹ್ಮದಿಂದ ಜಗತ್ತು ಹುಟ್ಟುವ ಬಗೆ ತಿಳಿಸಲು, ನೂಲನ್ನು ಹೊರಬಿಟ್ಟು ಒಳಗೆಳೆದುಕೊಳ್ಳುವ ಜೇಡವನ್ನು ದೃಷ್ಟಾಂತವಾಗಿ ತಂದಿತು. ಆ ಜೇಡಕ್ಕೆ ಮದುವೆಯಾಗಿತ್ತೇ ಎಂಬ ಶಂಕೆಯನ್ನು ಭಾಷ್ಯಕಾರರು ಎತ್ತಿದಂತೆ ಕಾಣುವುದಿಲ್ಲ. ಆ ಕೊರತೆಯನ್ನು ಪಶ್ಚಿಮದವರು ತುಂಬಿದರು. 18ನೇ ಶತಮಾನದ ಸ್ವೀಡನ್ನಿನ ಬ್ಯಾರನ್ ಡಿ ಗೀರ್ ಎಂಬ ಕೀಟತಜ್ಞರು, ಪ್ರಣಯದ ನಡುವೆಯೇ ಹೆಣ್ಣು ಗಂಡನ್ನು ಹಿಡಿದು, ನೂಲಿನಲ್ಲಿ ಸುತ್ತಿ, ತಿಂದದ್ದನ್ನು ಕಣ್ಣಾರೆ ಕಂಡರಂತೆ. ಅವರಿಗೆ ಭಯವೂ ರೋಷವೂ ಒಟ್ಟಿಗೇ ಉಂಟಾದವೆಂದು ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಭಯ ಸಹಜ. ರೋಷವೇಕೆ? ತಿನ್ನಿಸಿಕೊಂಡದ್ದು ಬ್ಯಾರನ್ನರ ಬಂಧುವೇನಲ್ಲ. ಹೀಗೆ ವಿಜ್ಞಾನವು ಮದುವೆಮನೆಯ ಹೊಸ್ತಿಲು ದಾಟಿದೊಡನೆ ಗಂಡಿನ ಕಡೆಯವರ ಸಾಲಿನಲ್ಲಿ ಹೋಗಿ ಕುಳಿತಿತು. ಅಲ್ಲಿಂದ ಈವರೆಗೂ ಪೂರ್ತಿ ಎದ್ದಿಲ್ಲ ಎಂಬುದು ಈ ಪ್ರಬಂಧದ ಮುಖ್ಯ ಆಕ್ಷೇಪ.

ಇದಕ್ಕೆ ಅಪವಾದವಾಗಿ ಅಮೆರಿಕದ ಮಿಲ್ವಾಕಿಯ ಜಾರ್ಜ್ ಮತ್ತು ಎಲಿಜಬೆತ್ ಪೆಕ್ಹಮ್ ದಂಪತಿಗಳನ್ನು ನೆನೆಯಬೇಕು. ಜಿಗಿಯುವ ಜೇಡಗಳ ಪ್ರಣಯವನ್ನು ಜೊತೆಯಾಗಿ ಕೂತು ನೋಡಿದ ಇವರು, ಆಯ್ಕೆ ಮಾಡುವವಳು ಹೆಣ್ಣು ಎಂಬ ಡಾರ್ವಿನ್ನನ ವಾದಕ್ಕೆ 1889ರಲ್ಲಿ ಸಾಕ್ಷ್ಯ ಒದಗಿಸಿದರು. ಪ್ರಬಂಧ ಪ್ರಕಟವಾದಾಗ ಪತಿಯೂ ಜೀವಂತರಾಗಿದ್ದರು ಎಂಬುದು ಗಮನಾರ್ಹ.

ಪ್ರಕರಣ 3: ವರನ ಸಿದ್ಧತೆ

ಗಂಡು ಜೇಡದ ವೀರ್ಯ ಹೊರಬರುವ ದ್ವಾರ ಹೊಟ್ಟೆಯ ಅಡಿಯಲ್ಲಿದೆ. ಅದನ್ನು ಹೆಣ್ಣಿಗೆ ತಲುಪಿಸುವ ಸಾಧನವಾದ ಪೆಡಿಪಾಲ್ಪ್ ಎಂಬ ಜೋಡಿ ಕಿರುಗೈಗಳು ಬಾಯಿಯ ಅಕ್ಕಪಕ್ಕದಲ್ಲಿವೆ. ಎರಡರ ನಡುವೆ ಒಳದಾರಿ ಇಲ್ಲ. ಹಾಗಾಗಿ ವರನು ಮೊದಲು ಒಂದು ಪುಟ್ಟ ಬಲೆ ನೇಯುತ್ತಾನೆ. ಅದರ ಮೇಲೆ ವೀರ್ಯದ ಹನಿಯೊಂದನ್ನು ಇಳಿಸುತ್ತಾನೆ. ಬಳಿಕ ಒಂದು ಕಿರುಗೈಯನ್ನು ಅದ್ದಿ ಹೀರಿಸಿ, ಅದನ್ನೆತ್ತಿ ಇನ್ನೊಂದನ್ನು ಅದ್ದಿ, ಎರಡರ ತುದಿಯ ಬುರುಡೆಗಳೂ ತುಂಬುವ ತನಕ ಅದ್ದುತ್ತ ಹೀರುತ್ತ ಕೂರುತ್ತಾನೆ. ಇಷ್ಟಾದ ಮೇಲೆಯೇ ಕನ್ಯಾನ್ವೇಷಣೆ.

ಹೆಣ್ಣಿನ ಕಡೆಯ ಏರ್ಪಾಡು ಇನ್ನೂ ದೂರದೃಷ್ಟಿಯದು. ಬಂದ ವೀರ್ಯವನ್ನು ಆಕೆ ದೇಹದೊಳಗಿನ ಸಂಚಿಗಳಲ್ಲಿ ಶೇಖರಿಸಿಟ್ಟು, ಮೊಟ್ಟೆಯಿಡುವಾಗ ಬಳಸುತ್ತಾಳೆ. ನಡುವಿನ ಅವಧಿಯಲ್ಲಿ ಮತ್ತೊಬ್ಬ ವರ ಬರಬಹುದು, ಅವನ ಸರಕೂ ಅದೇ ಸಂಚಿಗೆ ಸೇರಬಹುದು. ಆದ್ದರಿಂದ ಮದುವೆಯಾದ ಮಾತ್ರಕ್ಕೆ ತಂದೆಯಾದೆನೆಂದು ಯಾವ ಜೇಡನೂ ಬೀಗುವಂತಿಲ್ಲ. ಮುಂದೆ ಬರುವ ಸಕಲ ವಿಚಿತ್ರಗಳಿಗೂ ಮೂಲ ಇಲ್ಲಿದೆ.

ಇನ್ನು ಪ್ರವೇಶದ ಶಿಷ್ಟಾಚಾರ. ಬಲೆ ಕಟ್ಟುವ ಜೇಡಗಳಿಗೆ ಕಣ್ಣು ಮಂದ. ಬಲೆ ಅಲುಗಿದಾಗ ಬಂದದ್ದು ನೊಣವೋ ನೆಂಟನೋ ಎಂದು ತಿಳಿಯುವುದು ನಡುಕದಿಂದ ಮಾತ್ರ. ಆದ್ದರಿಂದ ವರನು ಅಂಚಿನಲ್ಲೇ ನಿಂತು, ತನ್ನ ಕುಲದ ತಾಳದಲ್ಲಿ ದಾರ ಮೀಟಬೇಕು. ತಾಳ ತಪ್ಪಿದವನು ನೊಣದ ಲೆಕ್ಕಕ್ಕೆ ಜಮೆಯಾಗುತ್ತಾನೆ. ಕಣ್ಣು ಚುರುಕಾದ ಜಿಗಿಯುವ ಜೇಡಗಳಲ್ಲಾದರೋ ನೃತ್ಯವೇ ಕಡ್ಡಾಯ. ಆಸ್ಟ್ರೇಲಿಯಾದ ನವಿಲು ಜೇಡದ ಗಂಡು ಅರ್ಧ ಸೆಂಟಿಮೀಟರಿನ ಜೀವಿ. ಹೊಟ್ಟೆಯ ಮೇಲಿನ ಬಣ್ಣದ ಬೀಸಣಿಗೆ ಬಿಚ್ಚಿ, ಮೂರನೆಯ ಜೋಡಿ ಕಾಲುಗಳನ್ನು ಮೇಲೆತ್ತಿ ಕುಣಿಯುತ್ತದೆ. ಇದನ್ನು 1874ರಲ್ಲಿ ಲೋಕಕ್ಕೆ ಪರಿಚಯಿಸಿದವರು ಒಬ್ಬ ಇಂಗ್ಲಿಷ್ ಪಾದ್ರಿ, ಆಕ್ಟೇವಿಯಸ್ ಪಿಕಾರ್ಡ್ ಕೇಂಬ್ರಿಜ್. ಆ ಬೀಸಣಿಗೆ ಗಾಳಿಯಲ್ಲಿ ತೇಲಲಿಕ್ಕೆ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ಗಂಡಸು ಇಷ್ಟೆಲ್ಲ ಅಲಂಕಾರ ಮಾಡಿಕೊಂಡಿರುವುದು ಬರೀ ಒಪ್ಪಿಗೆಗಾಗಿ ಎಂದು ವಿದ್ವಾಂಸರಿಗೆ ಹೊಳೆಯುವುದು ತಡವಾಯಿತು.

ಪ್ರಕರಣ 4: ಉಡುಗೊರೆ

ಆಶೀರ್ವಾದವೇ ಉಡುಗೊರೆ ಎಂಬ ಒಕ್ಕಣೆ ಯುರೋಪಿನ ಪಿಸೌರಾ ಮಿರಾಬಿಲಿಸ್ ಕುಲದಲ್ಲಿ ನಡೆಯದು. ಇಲ್ಲಿ ವರನು ನೊಣವನ್ನೋ ಇನ್ನೊಂದು ಹುಳುವನ್ನೋ ಹಿಡಿದು, ಬಿಳಿ ನೂಲಿನಲ್ಲಿ ಪೊಟ್ಟಣ ಕಟ್ಟಿ, ಕೋರೆಯಲ್ಲಿ ಕಚ್ಚಿ ತರುತ್ತಾನೆ. ಆಕೆ ಪೊಟ್ಟಣಕ್ಕೆ ಬಾಯಿ ಹಾಕಿದಾಗ ಈತ ತನ್ನ ಕಾರ್ಯ ಸಾಧಿಸುತ್ತಾನೆ. ಉಂಡು ಮುಗಿಯುವ ತನಕ ಮುಹೂರ್ತ.

ಪೊಟ್ಟಣದ ಮೇಲೆ ನೂಲಿರುವುದರಿಂದ ಒಳಗೇನಿದೆ ಎಂಬುದು ವಧುವಿಗೆ ಕೂಡಲೇ ತಿಳಿಯದು. ಇದನ್ನು ಅರಿತ ಕೆಲವು ವರರು ಒಣಗಿದ ಗಿಡದ ಚೂರನ್ನೋ, ತಾವೇ ಹೀರಿ ಮುಗಿಸಿದ ಹುಳುವಿನ ಸಿಪ್ಪೆಯನ್ನೋ ಅಷ್ಟೇ ನಾಜೂಕಾಗಿ ಸುತ್ತಿ ತರುತ್ತಾರೆ. ಸಂಶೋಧಕಿ ಮಾರಿಯಾ ಆಲ್ಬೊ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಬಯಲಿಗೆಳೆದರು. ಬರಿಗೈಯಲ್ಲಿ ಬಂದವನಿಗಿಂತ ಮೋಸದ ಪೊಟ್ಟಣದವನು ಎಷ್ಟೋ ಮೇಲು. ಆದರೆ ವಧು ಬಿಚ್ಚಿ ನೋಡಿದ ಗಳಿಗೆಗೇ ಮದುವೆ ಮುಗಿಯುತ್ತದೆ. ಬೀಗರ ಔತಣದ ತನಕ ಸೈರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ.

ಆಕೆ ಪೊಟ್ಟಣ ಕಿತ್ತುಕೊಂಡು ಓಡಲು ನೋಡಿದರೆ? ವರನು ಕಾಲು ಚಾಚಿ, ಮೈ ಸೆಟೆದು, ಸತ್ತವನಂತೆ ಬೀಳುತ್ತಾನೆ. ಕೋರೆ ಮಾತ್ರ ಪೊಟ್ಟಣವನ್ನು ಬಿಟ್ಟಿರುವುದಿಲ್ಲ. ಆಕೆ ಪೊಟ್ಟಣದ ಜೊತೆಗೆ ಗಂಡನ ಶವವನ್ನೂ ಎಳೆದುಕೊಂಡು ಹೋಗುತ್ತಾಳೆ. ಒಂದೆಡೆ ನಿಂತು ತಿನ್ನತೊಡಗಿದಾಗ ಶವ ಮೆಲ್ಲಗೆ ಎದ್ದು, ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಹೀಗೆ ಸತ್ತು ಎದ್ದವರಿಗೆ ಮಿಲನಯೋಗ ಹೆಚ್ಚೆಂದು ಡೆನ್ಮಾರ್ಕಿನ ಟ್ರೀನೆ ಬಿಲ್ಡೆ ಅವರ ತಂಡ ತೋರಿಸಿದೆ.

ನಮ್ಮ ಪಶ್ಚಿಮಘಟ್ಟದ ಕಾಡಂಚುಗಳಲ್ಲಿ ಹೊನ್ನಿನ ಬಣ್ಣದ ದೊಡ್ಡ ಬಲೆ ಕಟ್ಟುವ ನೆಫಿಲಾ ಪಿಲಿಪೆಸ್ ಜೇಡವನ್ನೂ ಇಲ್ಲಿಯೇ ಉಲ್ಲೇಖಿಸಬೇಕು. ಹೆಣ್ಣಿನ ದೇಹ 3ರಿಂದ 5 ಸೆಂಟಿಮೀಟರ್, ಗಂಡಿನದು 5-6 ಮಿಲಿಮೀಟರ್. ಬಲೆಯ ಮೇಲೆ ಅಡ್ಡಾಡುವ ಆ ಚಿಕ್ಕದನ್ನು ಮರಿಯೆಂದು ತಿಳಿಯುವವರೇ ಹೆಚ್ಚು. ಆತ ಯಜಮಾನ. ತಿನ್ನಲು ಏನನ್ನೂ ತರುವುದಿಲ್ಲ. ಹೆಂಡತಿಯ ಬೆನ್ನ ಮೇಲೆ ಓಡಾಡುತ್ತ ನೂಲಿನ ಎಳೆ ಹೊದಿಸುತ್ತಾನೆ. ಆ ಸ್ಪರ್ಶಕ್ಕೂ ನೂಲಿನ ವಾಸನೆಗೂ ಆಕೆಯ ಕೋಪ ಇಳಿಯುತ್ತದೆಂದು ಪರೀಕ್ಷಿಸಿ ನೋಡಲಾಗಿದೆ. ಮದುವೆಗೆ ರೇಷ್ಮೆ ಬೇಕೇಬೇಕು ಎಂಬ ನಮ್ಮ ಹೆಂಗಸರ ವಾದಕ್ಕೆ ಇದಕ್ಕಿಂತ ಪ್ರಾಚೀನ ಪ್ರಮಾಣ ಸಿಗಲಾರದು.

ಪ್ರಕರಣ 5: ಬಲಿದಾನ ಮತ್ತು ಪಲಾಯನ

ಪೂರ್ವಪಕ್ಷ: ತಿನ್ನಿಸಿಕೊಳ್ಳುವ ಗಂಡು ಮೂರ್ಖ, ಕಾಮಾಂಧ, ಅನುಕಂಪಕ್ಕೆ ಅರ್ಹ.

ಉತ್ತರಪಕ್ಷಕ್ಕೆ ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಜೇಡವೇ ಸಾಕ್ಷಿ. ಗಂಡಿನ ತೂಕ ಹೆಣ್ಣಿನ ತೂಕದ ಶೇ. 1-2 ಮಾತ್ರ. ಕಡಿಮೆಯೆಂದರೂ 100 ನಿಮಿಷ ಬಲೆ ಮೀಟಿ ಓಲೈಸದವನಿಗೆ ಅಕಾಲಮೃತ್ಯುವಿನ ಭಯ ಹೆಚ್ಚು. ಮಿಲನ ಆರಂಭವಾದ ಮೇಲೆ ವರನು ತಲೆಯ ಮೇಲೆ ನಿಂತು, ಲಾಗ ಹಾಕಿ, ತನ್ನ ಹೊಟ್ಟೆಯನ್ನು ನೇರ ಹೆಂಡತಿಯ ಬಾಯಿಗೆ ಒಡ್ಡುತ್ತಾನೆ. ಬಲವಂತವಿಲ್ಲ. ಆಕೆ ಜಗಿಯುತ್ತಿರುವಾಗಲೇ ಕೆಲಸ ನಡೆಯುತ್ತದೆ. ಕೆನಡಾದ ಮೇಡಿಯಾನ್ ಆಂಡ್ರಾಡೆ 1996ರಲ್ಲಿ ಲೆಕ್ಕ ಮುಂದಿಟ್ಟರು: ತಿನ್ನಿಸಿಕೊಂಡವನ ಮಿಲನ ಹೆಚ್ಚು ಹೊತ್ತು ನಡೆಯುತ್ತದೆ, ಅವನ ಪಾಲಿಗೆ ಬರುವ ಮೊಟ್ಟೆಗಳು ಸುಮಾರು ಇಮ್ಮಡಿ, ಅವನನ್ನು ಉಂಡ ಹೆಣ್ಣು ಮುಂದಿನ ವರನನ್ನು ತಿರಸ್ಕರಿಸುವ ಸಂಭವವೂ ಹೆಚ್ಚು. ಶೇ. 80ಕ್ಕೂ ಹೆಚ್ಚು ಗಂಡುಗಳು ಹೆಣ್ಣನ್ನು ಕಾಣದೆ ದಾರಿಯಲ್ಲೇ ಸಾಯುತ್ತವೆ. ತಲುಪಿದವನು ಪ್ರಾಣ ಉಳಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಯಾರನ್ನು ಉಂಡು ಎಂಬುದನ್ನು ಗಾದೆ ಸ್ಪಷ್ಟಪಡಿಸಿಲ್ಲ.

ಬಲಿದಾನ ಒಲ್ಲದವರಿಗೆ ಬೇರೆ ದಾರಿಗಳಿವೆ. ಮಲಬಾರಿನ ಹೆಸರು ಹೊತ್ತ ನೆಫಿಲೆಂಜಿಸ್ ಮಲಬಾರೆನ್ಸಿಸ್ ಗಂಡು ತನ್ನ ಕಿರುಗೈಯನ್ನೇ ಮುರಿದು ಹೆಣ್ಣಿನಲ್ಲಿ ಬಿಟ್ಟು ಓಡುತ್ತದೆ. ಮುರಿದ ತುಂಡು ಯಜಮಾನನ ಗೈರುಹಾಜರಿಯಲ್ಲೂ ವೀರ್ಯ ಸಾಗಿಸುತ್ತದೆ, ಜೊತೆಗೆ ಬೇರೆಯವರಿಗೆ ದಾರಿ ಮುಚ್ಚುತ್ತದೆ. ಚೀನಾದ ಫಿಲೊಪೊನೆಲ್ಲಾ ಪ್ರಾಮಿನೆನ್ಸ್ ಗಂಡಂತೂ ಮುಂಗಾಲುಗಳನ್ನು ಹೆಣ್ಣಿನ ಮೈಗೆ ಮಡಿಚಿಟ್ಟುಕೊಂಡು, ಕೆಲಸ ಮುಗಿದೊಡನೆ, ಕೆಲವೊಮ್ಮೆ ಸೆಕೆಂಡಿಗೆ 80 ಸೆಂಟಿಮೀಟರಿಗೂ ಮಿಕ್ಕಿದ ವೇಗದಲ್ಲಿ, ಚಿಮ್ಮಿ ಹಾರುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 155 ಮಿಲನಗಳ ಪೈಕಿ 152ರಲ್ಲಿ ವರ ಚಿಮ್ಮಿ ಬದುಕಿದ. ಚಿಮ್ಮದ ಮೂವರೂ ಊಟವಾದರು. ಸಂಶೋಧಕರು 30 ವರರನ್ನು ಚಿಮ್ಮಗೊಡದೆ ತಡೆದು ನೋಡಿದರು. ಮೂವತ್ತೂ ಹೋದವು. ಶಾಸ್ತ್ರ ಸಾಬೀತಾಯಿತು. ಆ ಮೂವತ್ತರ ಸಾವಿನಲ್ಲಿ ಹೆಂಡತಿಯರದು ಅರ್ಧ ಪಾಲು ಮಾತ್ರ ಎಂದು ಪ್ರಬಂಧಕಾರನ ಮತ.

ಪ್ರಕರಣ 6: ಸಿದ್ಧಾಂತ

ಹೆಣ್ಣಿನ ಸ್ವಭಾವವೇ ಹಾಗೆ ಎನ್ನುವವರು ಉರುಗ್ವೆಯ ಮರಳ ದಂಡೆಗೆ ಹೋಗಿ ಬರಬೇಕು. ಅಲ್ಲಿನ ಅಲೊಕೋಸಾ ಸೆನೆಕ್ಸ್ ಕುಲದಲ್ಲಿ ಗಂಡು ದೊಡ್ಡದು, ಆಳವಾದ ಬಿಲ ತೋಡಿ ಕೂರುವುದು ಅದೇ. ವರನನ್ನು ಹುಡುಕಿ ಬಂದು ಓಲೈಸುವವಳು ಹೆಣ್ಣು. ಒಪ್ಪಿಗೆಯಾದರೆ ಗಂಡು ಆ ಮನೆಯನ್ನು ಆಕೆಗೇ ಬಿಟ್ಟು, ಹೊರಗಿನಿಂದ ಬಾಗಿಲು ಮುಚ್ಚಿ, ಬೇರೆ ಮನೆ ತೋಡಲು ಹೊರಡುತ್ತದೆ. ಒಪ್ಪಿಗೆಯಾಗದಿದ್ದರೆ ಕೆಲವೊಮ್ಮೆ ಆಕೆಯನ್ನೇ ತಿನ್ನುತ್ತದೆ. ಮನೆ ಯಾರದೋ ಆಯ್ಕೆ ಅವರದು ಎಂಬಷ್ಟೇ ಇದರ ತಾತ್ಪರ್ಯ. ಹೆಚ್ಚಿನ ಜೇಡ ಕುಲಗಳಲ್ಲಿ ಯಾರೂ ಯಾರನ್ನೂ ತಿನ್ನದೆ ವರನು ತನ್ನ ಎಂಟು ಕಾಲುಗಳ ಮೇಲೆ ಹೊರಟುಹೋಗುತ್ತಾನೆ. ಅಂಥ ಮದುವೆಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಕಡೆಯದಾಗಿ, ನಮ್ಮ ಒಣಸೀಮೆಯ ಮುಳ್ಳುಪೊದೆ, ಬೇಲಿಗಳಲ್ಲಿ ಒಣಗಿದೆಲೆ ಸೇರಿಸಿ ಬೂದುಬಣ್ಣದ ಗೂಡು ಕಟ್ಟಿ ಗುಂಪಾಗಿ ಬಾಳುವ ಸ್ಟೆಗೊಡೈಫಸ್ ಸರಸಿನೋರಮ್ ಜೇಡ. ಇಲ್ಲಿ ಹೆಣ್ಣುಗಳೇ ಬಹುಸಂಖ್ಯಾತರು. ತಾಯಿ ಮೊದಲು ತನ್ನ ಹೊಟ್ಟೆಯಿಂದ ಕಕ್ಕಿ ಮರಿಗಳಿಗೆ ಉಣಿಸುತ್ತಾಳೆ. ಕೊಡಲು ಏನೂ ಉಳಿಯದಾದಾಗ ಮರಿಗಳು ತಾಯಿಯನ್ನೇ ಹೀರುತ್ತವೆ. ಆಕೆ ಓಡುವುದಿಲ್ಲ, ಸತ್ತಂತೆ ನಟಿಸುವುದಿಲ್ಲ, ಚಿಮ್ಮುವುದಿಲ್ಲ. ಹೆಂಡತಿಯ ಬಾಯಿಗೆ ಬಿದ್ದ ಗಂಡನಿಗಾಗಿ ಬ್ಯಾರನ್ನರಿಂದ ಹಿಡಿದು ಸಿನಿಮಾದವರ ತನಕ ಮರುಗಿದವರೇ. ಮಕ್ಕಳ ಬಾಯಿಗೆ ಬಿದ್ದ ತಾಯಿಯದನ್ನು ಎಲ್ಲರೂ ತ್ಯಾಗವೆಂದು ಬರೆದು ಮುಂದಿನ ಪುಟಕ್ಕೆ ಹೋದರು. ಎರಡೂ ಕಡೆ ತೆತ್ತದ್ದು ಒಂದೇ ಬೆಲೆ, ಪಡೆದದ್ದು ಒಂದೇ ಫಲ: ಬದುಕುವ ಮರಿಗಳು. ಒಂದನ್ನು ಘೋರವೆಂದೂ ಇನ್ನೊಂದನ್ನು ಧರ್ಮವೆಂದೂ ಕರೆಯುವುದು ಜೇಡಶಾಸ್ತ್ರವಲ್ಲ, ಗಂಡಿನ ಕಡೆಯವರ ಹರಟೆ.

ಪ್ರಕರಣ 7: ಶಿಫಾರಸುಗಳು

ಒಂದು, ಗಂಡು ಜೇಡಕ್ಕೆ ಮರುಗುವ ಮುನ್ನ ಅದರ ಮಕ್ಕಳನ್ನು ಎಣಿಸತಕ್ಕದ್ದು. ಎರಡು, ಹೆಂಡತಿಯೊಡನೆ ಜಗಳವಾದಾಗ ಜೇಡದ ಉದಾಹರಣೆ ಕೊಡುವವರು ಯಾವ ಕುಲದ ಜೇಡ ಎಂಬುದನ್ನು ಮೊದಲು ತಿಳಿಸತಕ್ಕದ್ದು. ಮೂರು, ಹಬ್ಬಕ್ಕೆ ಧೂಳು ಹೊಡೆಯುವಾಗ ಬಲೆಯ ಅಂಚಿನಲ್ಲಿ ಚಿಕ್ಕ ಜೇಡವೊಂದು ದಾರ ಮೀಟುತ್ತ ನಿಂತಿರುವುದು ಕಂಡರೆ ಓದುಗರು ದಯವಿಟ್ಟು ಪೊರಕೆ ಕೆಳಗಿಟ್ಟು, ಅಡುಗೆಮನೆಯ ಮೂಲೆಯಿಂದ ಕೆಲಸ ಶುರುಮಾಡಬೇಕು. ನಡೆಯುತ್ತಿರುವ ಮದುವೆಯನ್ನು ನಿಲ್ಲಿಸುವ ಅಧಿಕಾರ ಯಾವ ಶಾಸ್ತ್ರದಲ್ಲೂ ನೆಂಟರಿಗಿಲ್ಲ.