ಥೀಸಿಸ್ ಎಲ್ಲಿಗೆ ಬಂತು?

ಪರದೇಶದಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗನ ಸುದ್ದಿ ಮೈಸೂರಿನ ನಜರ್‌ಬಾದ್‌ನ ಮನೆಗಳಿಗೆ ತಲುಪುವ ದಾರಿ ಎರಡೇ. ಒಂದು, ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಬರುವ ವಿಡಿಯೊ ಕಾಲ್; ಇನ್ನೊಂದು, ವಾಟ್ಸ್‌ಆ್ಯಪ್ ಸ್ಟೇಟಸ್. ಕಾಲ್‌ನಲ್ಲಿ ಮಗ ಆಕಳಿಸುತ್ತಾ 'ತುಂಬಾ ಕೆಲಸ ಅಮ್ಮಾ' ಎನ್ನುತ್ತಾನೆ. ಸ್ಟೇಟಸ್ಸಿನಲ್ಲಿ ಅದೇ ದಿನ ಯಾವುದೋ ಬೆಟ್ಟದ ನೆತ್ತಿಯ ಮೇಲೆ ಎರಡು ಬೆರಳೆತ್ತಿ ನಿಂತಿರುತ್ತಾನೆ. ಹಿಂದಿನ ವಾರ ಕನ್ನಡ ಕೂಟದ ಯುಗಾದಿ ನಾಟಕದಲ್ಲಿ ದುಶ್ಶಾಸನನಾಗಿದ್ದ. ಅದರ ಹಿಂದಿನ ವಾರ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ತಾನೇ ಮಾಡಿದ ಸೊಟ್ಟ ಹೂಜಿಯೊಂದನ್ನು ಹಿಡಿದು ಬೀಗುತ್ತಿದ್ದ. ಅದಕ್ಕೂ ಹಿಂದಿನ ವಾರ ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಿದ್ದ. ಇದನ್ನೆಲ್ಲ ಕೂಡಿ ಕಳೆದು ನೋಡಿದ ಅಪ್ಪ 'ಅದೆಲ್ಲಾ ಇರ್ಲಿ, ಥೀಸಿಸ್ ಎಲ್ಲಿಗೆ ಬಂತಪ್ಪಾ?' ಎಂದು ಕೇಳುತ್ತಾರೆ. ಪಕ್ಕದಲ್ಲಿ ಕಾಫಿ ಹೀರುತ್ತಿದ್ದ ಸೋದರಮಾವ 'ದೋಣೀಲಿ ಕೂರಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಕಾರಂಜಿ ಕೆರೆ ಇಲ್ವಾ?' ಎಂದು ಒಗ್ಗರಣೆ ಹಾಕುತ್ತಾರೆ. ಈ ಮಾತುಗಳಲ್ಲಿ ಅಕ್ಕರೆಗೇನೂ ಕೊರತೆಯಿಲ್ಲ. ಲೆಕ್ಕ ಮಾತ್ರ ತಪ್ಪು. ಹವ್ಯಾಸಕ್ಕೆ ಹೋದ ಗಂಟೆಗಳೆಲ್ಲ ಥೀಸಿಸ್ಸಿನ ಖಾತೆಯಿಂದ ಕದ್ದವು ಎಂಬುದು ಹಿರಿಯರ ಲೆಕ್ಕ. ನನ್ನ ವಾದ ಇಷ್ಟೆ: ಆ ಖಾತೆಯಲ್ಲಿ ಅಷ್ಟೊಂದು ಗಂಟೆಗಳು ಯಾವತ್ತೂ ಇರಲೇ ಇಲ್ಲ.

ಸಂಶೋಧನೆ ಎಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳು ತಮಗೆ ತೋಚಿದಾಗ ಬೆಳೆಯುತ್ತವೆ; ವಿದ್ಯಾರ್ಥಿ ಎದುರಿಗೆ ಕೂತು ದಿಟ್ಟಿಸಿದನೆಂದು ಅವಸರ ಮಾಡುವುದಿಲ್ಲ. ದೊಡ್ಡ ಕಂಪ್ಯೂಟರಿಗೆ ಒಪ್ಪಿಸಿದ ಪ್ರೋಗ್ರಾಮು ಸರದಿಯಲ್ಲಿ ನಿಂತಿರುತ್ತದೆ. ಗೈಡ್ ಕೈಗೆ ಕೊಟ್ಟ ಅಧ್ಯಾಯ ಯಾವಾಗ ವಾಪಸು ಬರುತ್ತದೆಂಬುದು ಗೈಡ್‌ಗೂ ಗೊತ್ತಿರುವುದಿಲ್ಲ. ಈ ಹೊತ್ತಿನಲ್ಲಿ ಹವ್ಯಾಸವಿಲ್ಲದ ವಿದ್ಯಾರ್ಥಿ ಥೀಸಿಸ್ ಬರೆಯುತ್ತಾನೆಂದು ನಂಬಿದವರು ಅಂಥ ವಿದ್ಯಾರ್ಥಿಯನ್ನು ಹತ್ತಿರದಿಂದ ನೋಡಿಲ್ಲ. ಅವನು ಇನ್‌ಬಾಕ್ಸ್ ತೆರೆಯುತ್ತಾನೆ, ಮುಚ್ಚುತ್ತಾನೆ, ಮತ್ತೆ ತೆರೆಯುತ್ತಾನೆ. ಜೊತೆಯಲ್ಲಿ ಓದಿದವನಿಗೆ ಬೆಂಗಳೂರಿನಲ್ಲಿ ಪ್ರಮೋಷನ್ ಆದದ್ದನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿ ನಿಟ್ಟುಸಿರು ಬಿಡುತ್ತಾನೆ. ಅಡಿಟಿಪ್ಪಣಿಯ ಅಕ್ಷರದ ಗಾತ್ರವನ್ನು ಹತ್ತರಿಂದ ಒಂಬತ್ತಕ್ಕಿಳಿಸಿ, ಸಂಜೆ ಮತ್ತೆ ಹತ್ತಕ್ಕೇರಿಸುತ್ತಾನೆ. ಇಷ್ಟಾಗಿ ಹದಿನಾಲ್ಕು ಗಂಟೆ ದುಡಿದ ಸುಸ್ತು. ಮಂಗಳವಾರ ಸಂಜೆ ಆರಕ್ಕೆ ನಾಟಕದ ರಿಹರ್ಸಲ್ ಇರುವವನಾದರೋ ಐದೂವರೆಯೊಳಗೆ ಆ ಪುಟ ಮುಗಿಸಲೇಬೇಕು. ಇಲ್ಲದಿದ್ದರೆ ದುಶ್ಶಾಸನನಿಲ್ಲದೆ ದ್ರೌಪದಿ ವೃಥಾ ಕಿರುಚಬೇಕಾಗುತ್ತದೆ. ಸಂಶೋಧನೆಗೆ ಸ್ವಂತ ಗಂಟೆಯಿಲ್ಲ. ಆ ಗಂಟೆ ಹೊಡೆಯುವುದು ಹವ್ಯಾಸ.

ಇದಕ್ಕೆ ಸಾಕ್ಷಿ ಬೇಕೆಂದರೆ ಮೈಸೂರಿನಲ್ಲೇ ಉಂಟು. ಮಹಾರಾಜ ಕಾಲೇಜಿನಲ್ಲಿ ಓದಿದ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪಿಎಚ್.ಡಿ. ಮಾಡಲು. ಅಲ್ಲಿ ಒಂದು ಸಂಜೆ ಇಂಗ್ಲಿಷ್ ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿಯವರ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಲು ಹೋದರು. ಚಿತ್ರ ಸ್ವೀಡಿಷ್ ಭಾಷೆಯದು, ಸಬ್‌ಟೈಟಲ್ ಇರಲಿಲ್ಲ. ಥೀಸಿಸ್ ಬಾಕಿಯಿರುವ ಹುಡುಗ ಅರ್ಥವಾಗದ ಸಿನಿಮಾ ನೋಡುತ್ತಾ ಕೂತಿದ್ದಾನೆಂದು ನಮ್ಮ ಸೋದರಮಾವನಿಗೆ ಅಂದೇ ತಿಳಿದಿದ್ದರೆ ಏನಾಗುತ್ತಿತ್ತೋ! ಆ ಸಂಜೆಯ ಬೆನ್ನಿಗೆ ಹುಟ್ಟಿದ್ದು 'ಸಂಸ್ಕಾರ'. ಅದು ಅಚ್ಚಾದದ್ದು 1965ರಲ್ಲಿ, ಪಿಎಚ್.ಡಿ. ಕೈಗೆ ಬಂದದ್ದು 1966ರಲ್ಲಿ. ಮೈಸೂರಿನಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬರೆದ ಥೀಸಿಸ್ ಕನ್ನಡ ವ್ಯಾಕರಣದ ಮೇಲೆ. ಪದವಿ ಸಿಕ್ಕಿದ್ದು 1963ರಲ್ಲಿ. ಅದಿನ್ನೂ ಸಿಗುವ ಮುಂಚೆ, 1962ರ ಒಂದು ಶನಿವಾರ, ಷಿಕಾಗೋದ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ಸರಳ ವ್ಯಾಕರಣವೊಂದನ್ನು ಹುಡುಕುತ್ತಿದ್ದವರ ಕೈಗೆ ಸಂಗಂ ಕಾಲದ ಪ್ರೇಮಕವಿತೆಗಳು ಸಿಕ್ಕವು. ಅವುಗಳ ಅನುವಾದ 1967ರಲ್ಲಿ ಪುಸ್ತಕವಾಗಿ ಜಗತ್ತಿಗೆಲ್ಲ ಪರಿಚಯವಾಯಿತು; ವ್ಯಾಕರಣದ ಥೀಸಿಸ್ಸನ್ನು ಇವತ್ತು ಭಾಷಾಶಾಸ್ತ್ರಜ್ಞರು ಓದುತ್ತಾರೆ, ಅವರೂ ಅಗತ್ಯ ಬಿದ್ದಾಗ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರೂ ಬಾಲ್ಯದಲ್ಲಿ ಕಲಿತ ಪಿಯಾನೊ ಬಿಡಲಿಲ್ಲ. 1974ರ ಪೋಖ್ರಾನ್ ಪರೀಕ್ಷೆಯ ಹೊಣೆ ಹೊತ್ತವರಿಗೂ ಬಿಥೋವನ್‌ಗೆ ಪುರುಸೊತ್ತಿತ್ತು ಎಂದಮೇಲೆ, ಥೀಸಿಸ್ಸಿನ ಮೂರನೇ ಅಧ್ಯಾಯದಲ್ಲಿರುವವನಿಗೆ ಇಲ್ಲವೆನ್ನುವುದು ಹೇಗೆ?

'ಅವರೆಲ್ಲಾ ದೊಡ್ಡೋರು ಬಿಡಿ, ನಮ್ಮೋನು ಮಾಡೋದು ದೋಸೆ' ಎಂಬ ಆಕ್ಷೇಪ ಈಗ ಬಂದೇ ಬರುತ್ತದೆ. ಬರಲಿ, ದೋಸೆಯನ್ನೇ ನೋಡೋಣ. ನಜರ್‌ಬಾದ್‌ನಲ್ಲಿದ್ದಷ್ಟು ದಿನ ಹುಡುಗನಿಗೆ ಈ ವಿಷಯದಲ್ಲಿ ಇದ್ದ ಒಂದೇ ಗೊಂದಲವೆಂದರೆ ಮೈಲಾರಿ ಹೋಟೆಲಿನಲ್ಲಿ ಎರಡು ಹೇಳಬೇಕೋ ಮೂರೋ ಎಂಬುದು. ಬಾಯಲ್ಲಿಟ್ಟರೆ ಕರಗುವ ಆ ಮೆತ್ತನೆಯ ದೋಸೆ, ಒಳಗಿನ ಸಾಗು, ಮೇಲಿನ ಬೆಣ್ಣೆ ಇವುಗಳ ಹಿಂದೆ ವಿಜ್ಞಾನವಿದೆಯೆಂದು ಹೊಳೆಯಲು ಅವನು ಹಿಮ ಬೀಳುವ ಊರಿಗೇ ಹೋಗಬೇಕಾಯಿತು. ಜನವರಿಯಲ್ಲಿ ಅಲ್ಲಿ ಹಿಟ್ಟು ಹುಳಿ ಬರುವುದಿಲ್ಲ. ಬಿಸಿ ಮಾಡದೆ, ಒಳಗಿನ ದೀಪವೊಂದನ್ನೇ ಹಚ್ಚಿ ಓವನ್ನಿನೊಳಗೆ ಪಾತ್ರೆಯನ್ನು ರಾತ್ರಿಯೆಲ್ಲ ಇಟ್ಟರೆ ಬರುತ್ತದೆ. ಉದ್ದು ಎಷ್ಟು, ಮೆಂತ್ಯ ಎಷ್ಟು, ಅವಲಕ್ಕಿ ಬೇಕೋ ಬೇಡವೋ ಎಂದು ಒಂದೊಂದನ್ನೇ ಬದಲಿಸಿ ನೋಡಬೇಕು, ಬರೆದಿಡಬೇಕು. ಕಾವಲಿ ಕಾದು ಹೊಗೆಯೆದ್ದರೆ ಚಾವಣಿಯ ಅಲಾರಂ ಹೊಡೆದುಕೊಳ್ಳುತ್ತದೆ. ರೂಮ್‌ಮೇಟ್ ಟವೆಲು ಬೀಸುತ್ತಾ ನಿಲ್ಲಬೇಕು. ಒಂದು ಸಲಕ್ಕೆ ಒಂದೇ ಅಂಶ ಬದಲಿಸು, ಎಲ್ಲವನ್ನೂ ದಾಖಲಿಸು ಎಂದು ಗೈಡ್ ಎರಡು ವರ್ಷದಿಂದ ಬಡಿದುಕೊಳ್ಳುತ್ತಿರುವುದೂ ಇದನ್ನೇ. ಒಂದು ವ್ಯತ್ಯಾಸವಿದೆ: ದೋಸೆ ಕೆಟ್ಟಿತೆಂದು ತಿಳಿಯಲು ಎರಡು ನಿಮಿಷ ಸಾಕು, ಸಿದ್ಧಾಂತ ಕೆಟ್ಟಿತೆಂದು ತಿಳಿಯಲು ಎರಡು ವರ್ಷ ಬೇಕು. ಅಷ್ಟು ದಿನ ಫಲ ಕಾಣದ ಕೆಲಸಕ್ಕೆ ಅಂಟಿಕೊಂಡಿರುವವನಿಗೆ ವಾರಕ್ಕೊಮ್ಮೆಯಾದರೂ 'ಸರಿಯಾಯ್ತು' ಎನ್ನುವ ಸುಖ ಸಿಗಬೇಡವೇ? ಅದು ಸಿಕ್ಕರೆ ಸಾಕು. ದೋಸೆಯಿಂದ 'ಸಂಸ್ಕಾರ' ಹುಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ತಿನ್ನಲು ಬಂದ ಪಕ್ಕದ ಲ್ಯಾಬಿನವರು ಕೈ ತೊಳೆಯುವಾಗ 'ಆ ಉಪಕರಣ ನಮ್ಮಲ್ಲಿದೆ, ಬಂದು ಬಳಸಿಕೋ' ಎಂದುಬಿಟ್ಟರಂತೂ ಬೆಣ್ಣೆಯ ಖರ್ಚು ಬಡ್ಡಿಸಮೇತ ಬಂದಂತೆ.

ಇಷ್ಟಕ್ಕೂ ಈ ಹವ್ಯಾಸಗಳು ಅಮೆರಿಕದಲ್ಲಿ ಅಂಟಿಕೊಂಡ ಚಟಗಳೇನಲ್ಲ. ಬೆಳಗ್ಗೆ ಐದೂವರೆಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಬಿಟ್ಟವರು ಯಾರು? ಸಂಗೀತದ ಪಾಠ, ಬೇಸಿಗೆಯ ರಂಗಶಿಬಿರ, ಚೆಸ್ಸು, ಕರಾಟೆ ಎಂದು ಒಂದೇ ಸಂಜೆಗೆ ಮೂರು ಕಡೆ ಓಡಿಸಿದವರು ಯಾರು? ಇದೇ ಅಪ್ಪ, ಇದೇ ಅಮ್ಮ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಬಂದದ್ದೇ ತಡ, ವೀಣೆಗೆ ಮುಸುಕು, ರ‍್ಯಾಕೆಟ್ಟಿಗೆ ಅಟ್ಟ, 'ಸಿಇಟಿ ಆಗ್ಲಿ, ಆಮೇಲೆ ನೋಡೋಣ' ಎಂದು ಎಲ್ಲಕ್ಕೂ ಬೀಗ. ನಜರ್‌ಬಾದಿಗೆ ಈ ಕಥೆ ಹೊಸದಲ್ಲ. ಟಿಪ್ಪು ಸುಲ್ತಾನ್ ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಇಲ್ಲಿಗೆ ಸಾಗಿಸಿ ಹೊಸ ಕೋಟೆ ಕಟ್ಟಿಸಹೊರಟಿದ್ದ. 1799ರಲ್ಲಿ ಅವನು ಮಡಿದ ಮೇಲೆ ಅವೇ ಕಲ್ಲುಗಳು ಮರಳಿ ಮೈಸೂರಿನ ಕೋಟೆಗೆ ಹೋದವು. ಪಿಯುಸಿಯ ಹೊತ್ತಿಗೆ ಕಿತ್ತ ಹವ್ಯಾಸವೂ ಹಾಗೆಯೇ, ಎಂಟು-ಹತ್ತು ವರ್ಷ ಬಿಟ್ಟು ತನ್ನ ಜಾಗ ಹುಡುಕಿಕೊಂಡು ಬರುತ್ತದೆ. 'ಆಮೇಲೆ ನೋಡೋಣ' ಎಂದವರು ತಾವೇ. ಹುಡುಗ ಆಮೇಲೆ ನೋಡುತ್ತಿದ್ದಾನೆ.

ಎರಡು ಆಕ್ಷೇಪಗಳಿಗೆ ಮಾತ್ರ ತಲೆಬಾಗಬೇಕು. ಒಂದು ದುಡ್ಡಿನದು. ಅಮೆರಿಕದ ಪಿಎಚ್.ಡಿ. ವಿದ್ಯಾರ್ಥಿಗೆ ಬಹುಮಟ್ಟಿಗೆ ಶುಲ್ಕ ಮಾಫಿ, ಜೊತೆಗೆ ಪಾಠ ಹೇಳಿದ್ದಕ್ಕೋ ಲ್ಯಾಬಿನಲ್ಲಿ ದುಡಿದದ್ದಕ್ಕೋ ಸಂಬಳ. ಅಲ್ಲಿನ ವೀಸಾ ನಿಯಮವೇ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನ ದುಡಿಮೆಯನ್ನು ವಾರಕ್ಕೆ 20 ಗಂಟೆಗೆ ನಿಲ್ಲಿಸುತ್ತದೆ. ಮಿತಿಯಿಲ್ಲದೆ ದುಡಿಸಬೇಕೆನ್ನುವವರು ಸೋದರಮಾವ ಮಾತ್ರ. ಆದರೆ ಮನೆಪತ್ರ ಬ್ಯಾಂಕಿನಲ್ಲಿಟ್ಟು ಎರಡು ವರ್ಷದ ಎಂ.ಎಸ್.ಗೆ ಹೋದವನ ಲೆಕ್ಕ ಬೇರೆ. ಅವನಿಗೆ ಸೆಮಿಸ್ಟರಿಗೊಂದು ಹವ್ಯಾಸ ಮೀರಿದರೆ ಅಪ್ಪ ಕೇಳುವುದು ನ್ಯಾಯವೇ. ಇನ್ನೊಂದು ಆಕ್ಷೇಪ ಸಂಖ್ಯೆಯದು. ಸೋಮವಾರ ಸಾಲ್ಸಾ, ಮಂಗಳವಾರ ಗಿಟಾರು, ಬುಧವಾರ ಗೋಡೆ ಹತ್ತುವುದು, ಪಿಜ್ಜಾ ಕೊಡುತ್ತಾರೆಂದು ಗುರುವಾರ ಸಂಬಂಧವೇ ಇಲ್ಲದ ವಿಭಾಗದ ಸೆಮಿನಾರು, ಶುಕ್ರವಾರ ಅವರಿವರ ಬರ್ತ್‌ಡೇ ಎಂದು ತಿರುಗುವವನಿಗೆ ಇರುವುದು ಹವ್ಯಾಸವಲ್ಲ, ಥೀಸಿಸ್ಸಿನ ಭಯ. ಪರೀಕ್ಷೆ ಸುಲಭ: ಹವ್ಯಾಸವಾದರೆ ವರ್ಷದ ಕೊನೆಗೆ ಒಂದಾದರೂ ರಾಗ, ಒಂದಾದರೂ ನೆಟ್ಟಗಿನ ಹೂಜಿ ಕೈಗೆ ಬಂದಿರುತ್ತದೆ. ಥೀಸಿಸ್ಸೇ ಗೆದ್ದ ನಿದರ್ಶನವಿಲ್ಲವೇ ಎಂದರೆ, ಖಂಡಿತ ಇದೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿಗೆ ಕೊಡವರ ಬಗ್ಗೆ ಬರೆದ ಥೀಸಿಸ್ 1952ರಲ್ಲಿ ಪುಸ್ತಕವಾಗಿ ಭಾರತದ ಸಮಾಜಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಹವ್ಯಾಸ ಥೀಸಿಸ್ಸಿಗಿಂತ ದೊಡ್ಡದೆಂದು ನಾನು ಹೇಳುತ್ತಿಲ್ಲ. ಒಂದು ಇನ್ನೊಂದರ ಅನ್ನ ಕಸಿಯುವುದಿಲ್ಲ ಎಂದಷ್ಟೇ.

ಹಾಗಾಗಿ ಮಕ್ಕಳನ್ನು ಪಿಎಚ್.ಡಿ.ಗೆ ಕಳಿಸುವವರಿಗೆ ಒಂದು ಸಲಹೆ. ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡಿ, ಊರಿನ ಚಳಿ ವಿಚಾರಿಸಿ, ಅಕ್ಕಿ ಬೇಳೆ ಸಿಗುವ ಅಂಗಡಿ ಎಷ್ಟು ದೂರವೆಂದು ಕೇಳಿ. ಅದಕ್ಕೆಲ್ಲ ಮೊದಲು, ಗೈಡ್ ಆಗುವವರು ಭಾನುವಾರ ಏನು ಮಾಡುತ್ತಾರೆಂದು ಪತ್ತೆಹಚ್ಚಿ. ಸೈಕಲ್ ಹೊಡೆಯುತ್ತಾರೋ, ಮೀನು ಹಿಡಿಯುತ್ತಾರೋ, ಪಿಟೀಲು ಕುಯ್ಯುತ್ತಾರೋ, ಏನಾದರೂ ಸರಿ. ಏನೂ ಮಾಡದವರ ಬಳಿ ಮಾತ್ರ ಮಗನನ್ನು ಬಿಡಬೇಡಿ. ಅಂಥವರು ಭಾನುವಾರ ಮಾಡುವುದು ಒಂದೇ ಕೆಲಸ: ಬೆಳಗ್ಗೆ ಏಳಕ್ಕೆ ಎದ್ದು ವಿದ್ಯಾರ್ಥಿಗಳಿಗೆಲ್ಲ ಮೇಲ್ ಕಳಿಸುವುದು.