ಮಾಮೂಲು ರಾಯರು

ಪರದೇಶದ ಪ್ರತಿ ಕನ್ನಡ ಸಂಘದಲ್ಲೂ ಒಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಒಬ್ಬ ಮಾಮೂಲು ರಾಯ ಇರಲೇಬೇಕು. ಮೊದಲಿನ ಇಬ್ಬರನ್ನು ಚುನಾವಣೆಯಲ್ಲಿ ಬದಲಾಯಿಸಬಹುದು. ಮೂರನೆಯವರದು ಆಜೀವ ಹುದ್ದೆ.

ನಮ್ಮ ಆಸ್ಟಿನ್ನಿನ ರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಏನೇ ಆಗಲಿ, "ಇದೆಲ್ಲ ನಮಗೆ ಮಾಮೂಲು ಬಿಡ್ರೀ" ಎಂದು ಶುರುಮಾಡುವ ಅಭ್ಯಾಸದಿಂದ ಈ ಬಿರುದು ಅಂಟಿಕೊಂಡಿದೆ. ಹೆದ್ದಾರಿಯಲ್ಲಿ ಕಾರುಗಳು ಸಾಲುಗಟ್ಟಿ ನಿಂತರೆ ಅವರಿಗೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಟೆಕ್ಸಸ್ಸಿನ ಆಗಸ್ಟ್ ಬಿಸಿಲಿಗೆ ನಾವು ಬಸವಳಿದರೆ, "ಒಂದ್ಸಲ ರಾಯಚೂರಿಗೆ ಹೋಗಿಬನ್ನಿ" ಎನ್ನುತ್ತಾರೆ. ಅವರು ಹುಟ್ಟಿದ್ದು ತುಮಕೂರು, ಓದಿದ್ದು ಮೈಸೂರು. ರಾಯಚೂರನ್ನು ಕಂಡದ್ದು ಮುಂಬೈಗೆ ಹೋಗುವಾಗ ರೈಲಿನ ಕಿಟಕಿಯಿಂದ, ಅದೂ ಎಸಿ ಬೋಗಿಯ ಕಿಟಕಿಯಿಂದ. ಊರಲ್ಲಿ ಪಟ್ಟ ಕಷ್ಟವನ್ನೆಲ್ಲ ಅವರು ಫಿಕ್ಸೆಡ್ ಡಿಪಾಸಿಟ್ಟಿನ ಹಾಗೆ ಕಾಪಾಡಿಕೊಂಡಿದ್ದಾರೆ. ಅಸಲು ಮುಟ್ಟುವುದಿಲ್ಲ, ಬಡ್ಡಿಯಲ್ಲೇ ಮಾತಾಡುತ್ತಾರೆ.

ಕರೆಂಟು ಹೋಗುವುದಂತೂ ಅವರ ಖಾಸಾ ವಿಷಯ. ಲಿಂಗನಮಕ್ಕಿ ತುಂಬದ ವರ್ಷಗಳಲ್ಲಿ ಲೋಡ್ ಶೆಡ್ಡಿಂಗ್ ಹೇಗಿರುತ್ತಿತ್ತು, ಯಾವ ಬಡಾವಣೆಗೆ ಎಷ್ಟು ಗಂಟೆ ಎಂದು ಪೇಪರಿನಲ್ಲಿ ಪಟ್ಟಿ ಬರುತ್ತಿದ್ದುದು, ಕೆಇಬಿಗೆ ಫೋನ್ ಮಾಡಿದರೆ ಅವರು ರಿಸೀವರ್ ಎತ್ತಿ ಪಕ್ಕಕ್ಕಿಡುತ್ತಿದ್ದುದು, ಎಸ್ಸೆಸ್ಸೆಲ್ಸಿಗೆ ತಾವು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಓದಿ ಫಸ್ಟ್ ಕ್ಲಾಸ್ ಬಂದದ್ದು, ಇಷ್ಟನ್ನೂ ಕೇಳದೆ ನಮ್ಮಲ್ಲಿ ಯಾರೂ ಅವರ ಮನೆಯಲ್ಲಿ ಊಟ ಮಾಡಿ ಎದ್ದಿಲ್ಲ. ಅಮೆರಿಕದ ಜನರ ಮೇಲೆ ಅವರಿಗೆ ಅಪಾರ ಕನಿಕರ. "ಪಾಪ, ಇವರಿಗೆ ಅಭ್ಯಾಸ ಇಲ್ಲ ಕಣ್ರೀ. ಒಂದು ದಿನ ಸ್ವಿಚ್ ಒತ್ತಿದಾಗ ಲೈಟ್ ಬರದಿದ್ದರೆ ಇವರ ಕತೆ ಮುಗೀತು."

ಅವರ ಶ್ರೀಮತಿ ಹುಬ್ಬಳ್ಳಿಯವರು. ನಾವೆಲ್ಲ ವೈನಿ ಎಂದೇ ಕರೆಯುತ್ತೇವೆ. ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಊರಲ್ಲಿ ಬೆಳೆದವರು, ಆದರೆ ಆ ಬಗ್ಗೆ ಭಾಷಣ ಮಾಡಿದ್ದನ್ನು ಯಾರೂ ಕೇಳಿಲ್ಲ. ಬಚ್ಚಲಲ್ಲಿ ಎರಡು ಬಕೆಟ್ ನೀರು ಸದಾ ತುಂಬಿರುತ್ತದೆ, ಅಷ್ಟೆ. "ಇಪ್ಪತ್ತನಾಲ್ಕು ಗಂಟೆ ನೀರು ಬರೋ ದೇಶದಲ್ಲಿ ಬಕೆಟ್ ಯಾಕೆ ತುಂಬಿಸ್ತೀಯೇ?" ಎಂದು ರಾಯರು ರೇಗಿಸುತ್ತಿದ್ದರು. "ಇರಲಿ ಬಿಡ್ರಿ, ನಿಮ್ಮನ್ನೇನ್ ಹೊರಾಕ್ ಹೇಳಿಲ್ಲಲ್ಲ" ಎಂಬುದು ಉತ್ತರ.

2021ರ ಫೆಬ್ರವರಿ 14ರ ಭಾನುವಾರ ಆಸ್ಟಿನ್ನಿಗೆ ಹಿಮ ಬಂತು. ಮರುದಿನಗಳಲ್ಲಿ ಪಾದರಸ ಸೊನ್ನೆ ಸೆಲ್ಸಿಯಸ್ಸಿಗಿಂತ ಹತ್ತು ಡಿಗ್ರಿಗೂ ಕೆಳಗಿಳಿಯಿತು. ಡಲ್ಲಾಸಿನಲ್ಲಿ ಮೈನಸ್ 19. ಶಿಕಾಗೋದವರಿಗೆ ಇದು ಲೆಕ್ಕಕ್ಕಿಲ್ಲ. ಟೆಕ್ಸಸ್ಸಿನ ಮನೆಗಳನ್ನು ಕಟ್ಟಿದ್ದು ಮಾತ್ರ ಸೆಕೆಗೆ. ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಛಾವಣಿಯಡಿಯ ಅಟ್ಟದಲ್ಲಿ, ಹೊರಗೋಡೆಯ ಒಳಗೆ, ಹೊದಿಕೆಯಿಲ್ಲದೆ ಓಡಾಡುತ್ತದೆ. ಹೀಗಾಗಿ ಟೀವಿಯವರು ಹೇಳಿದ್ದನ್ನೇ ಹೇಳುತ್ತಿದ್ದರು: ಹೊರಗಿನ ನಲ್ಲಿಗೆ ಬಟ್ಟೆ ಸುತ್ತಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ಒಳಗಿನ ನಲ್ಲಿಗಳನ್ನು ಹನಿ ಹನಿ ಬಿಡಿ.

ಮೊದಲ ಎರಡು ಮಾತಿಗೆ ರಾಯರ ತಕರಾರಿರಲಿಲ್ಲ. ಹೊರಗಿನ ನಲ್ಲಿಗೆ ತಮ್ಮ ಹಳೆಯ ಮಂಕಿ ಕ್ಯಾಪನ್ನೇ ತೊಡಿಸಿ ಫೋಟೊ ಕಳಿಸಿದರು. ಮೂರನೆಯದಕ್ಕೆ ಮಾತ್ರ ಮನಸ್ಸು ಒಪ್ಪಲಿಲ್ಲ. ತೊಟ್ಟಿಕ್ಕುವ ನಲ್ಲಿಯನ್ನು ಕಂಡೂ ತಿರುಪದೆ ಮುಂದೆ ಹೋಗುವುದು ತುಮಕೂರಿನವರ ರಕ್ತದಲ್ಲೇ ಇಲ್ಲವಂತೆ. ವೈನಿ ಹನಿ ಬಿಟ್ಟು ಬರುವುದು, ಇವರು ಹಿಂದೆಯೇ ಹೋಗಿ ಬಿಗಿಯುವುದು. ಮಗಳು ಹೈಸ್ಕೂಲಿನ ಪಾಠ ಒಪ್ಪಿಸಿದಳು: "ಅಪ್ಪಾ, ನೀರು ಐಸ್ ಆದ್ರೆ ಒಂಬತ್ತು ಪರ್ಸೆಂಟ್ ಹಿಗ್ಗುತ್ತೆ. ಪೈಪ್ ಒಡೆಯೋದು ಐಸ್ ಇರೋ ಕಡೆಯೇ ಅಲ್ಲ. ಐಸಿಗೂ ಮುಚ್ಚಿದ ನಲ್ಲಿಗೂ ಮಧ್ಯೆ ನೀರು ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತಲ್ಲ, ಅದರಿಂದ ಒಡೆಯುತ್ತೆ. ನಲ್ಲಿ ತೆಗೆದಿದ್ರೆ ಒತ್ತಡಕ್ಕೆ ದಾರಿ ಸಿಗುತ್ತೆ."

"ಫಿಜಿಕ್ಸಲ್ಲಿ ನಂಗೆ ತೊಂಬತ್ತೆಂಟು ಬಂದಿತ್ತು ಪುಟ್ಟೀ" ಎಂದರು ರಾಯರು. ಅದು ಸತ್ಯ. ಪುಟ್ಟಿಯ ಮಾತಿಗೆ ಉತ್ತರವಲ್ಲ, ಅಷ್ಟೆ.

ಕೊನೆಗೆ ವೈನಿ ರಾಜಿ ಸೂತ್ರ ಕಂಡುಹಿಡಿದರು. "ಹನಿ ಬಿಡ್ರಿ ಅಂದಾರ. ಬುಡಕ್ಕ ಬಕೆಟ್ ಇಡಬ್ಯಾಡ್ರಿ ಅಂದಿಲ್ಲಲ್ಲ?" ಪ್ರತಿ ನಲ್ಲಿಯ ಕೆಳಗೂ ಬಕೆಟ್, ಪಾತ್ರೆ, ಕುಕ್ಕರು, ಗಣೇಶ ಹಬ್ಬದಲ್ಲಿ ಮಾತ್ರ ಅಟ್ಟದಿಂದಿಳಿಯುವ ದೊಡ್ಡ ಕೊಳಗ ಬಂದವು. ನೀರು ಪೋಲಾಗುತ್ತಿಲ್ಲವೆಂದು ರಾಯರು ತಣ್ಣಗಾದರು. ಮಹಡಿಯ ಅತಿಥಿ ಕೋಣೆಯ ಬಚ್ಚಲಿಗೆ ಪಾತ್ರೆ ಸಾಲಲಿಲ್ಲ. ಎಲ್ಲರೂ ಮಲಗಿದ ಮೇಲೆ ರಾಯರು ಬೆಕ್ಕಿನ ಹೆಜ್ಜೆಯಲ್ಲಿ ಮೇಲೆ ಹೋಗಿ ಆ ಒಂದು ನಲ್ಲಿಯನ್ನು ಬಿಗಿಯಾಗಿ ತಿರುಪಿ ಬಂದರು.

ರಾತ್ರಿ ಒಂದೂವರೆಯ ಸುಮಾರಿಗೆ ಕರೆಂಟು ಹೋಯಿತು. ರಾಯರಿಗೆ ಒಳಗೊಳಗೇ ಸಂಭ್ರಮ. ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಕಡಿತ ಎಂದು ಪ್ರಕಟಣೆ ಬಂದಿತ್ತು. "ಲೋಡ್ ಶೆಡ್ಡಿಂಗು! ಇನ್ನರ್ಧ ಗಂಟೇಲಿ ಬರುತ್ತೆ ನೋಡ್ತಿರಿ" ಎಂದು ಗ್ರೂಪಿಗೆ ಸಂದೇಶ ಹಾಕಿ, ಎಲ್ಲರಿಗೂ ಧೈರ್ಯ ತುಂಬಿ ಮಲಗಿದರು. ಕರೆಂಟು ಬಂದದ್ದು ಗುರುವಾರ.

ಸರದಿ ತಪ್ಪಿದ್ದು ಕೊರತೆಯ ಗಾತ್ರದಿಂದ. ಒಂದು ಹಂತದಲ್ಲಿ ಟೆಕ್ಸಸ್ 20,000 ಮೆಗಾವಾಟ್ ಬೇಡಿಕೆಯನ್ನು ಕತ್ತರಿಸಿ ಹಾಕಿತು. ಅಂದಿಗೆ ಇಡೀ ಕರ್ನಾಟಕದ ಗರಿಷ್ಠ ಬೇಡಿಕೆಯೇ ಅಷ್ಟಿರಲಿಲ್ಲ. ಆಸ್ಪತ್ರೆಗಳಂಥ ಜಾಗಗಳಿಗೆ ಹೋಗುವ ಲೈನುಗಳನ್ನು ಉಳಿಸಿಕೊಂಡ ಮೇಲೆ ಮಿಕ್ಕವರಿಗೆ ಸರದಿಯಲ್ಲಿ ಹಂಚಲು ಏನೂ ಉಳಿಯಲಿಲ್ಲ. ಇಡೀ ಗ್ರಿಡ್ ಕುಸಿದು ಬೀಳುವುದಕ್ಕೆ ನಾಲ್ಕೂವರೆ ನಿಮಿಷವಷ್ಟೇ ಬಾಕಿಯಿತ್ತು ಎಂದು ಆಮೇಲೆ ಗ್ರಿಡ್ಡಿನವರೇ ಹೇಳಿದರು. ಗ್ಯಾಸಿಲ್ಲದೆ ವಿದ್ಯುತ್ ಸ್ಥಾವರ ನಿಂತಿತು. ವಿದ್ಯುತ್ತಿಲ್ಲದೆ ಗ್ಯಾಸ್ ಸಾಗಿಸುವ ಯಂತ್ರಗಳು ನಿಂತವು. ರಾಜ್ಯಕ್ಕೆ ಇದೇನೂ ಹೊಸ ಪಾಠವಲ್ಲ. 2011ರ ಫೆಬ್ರವರಿಯಲ್ಲೂ ಚಳಿ ಬಂದು ಸ್ಥಾವರಗಳು ಕೈಕೊಟ್ಟಿದ್ದವು, ಯಂತ್ರಗಳಿಗೆ ಚಳಿಯ ರಕ್ಷಣೆ ಕೊಡಿ ಎಂದು ಕೇಂದ್ರದ ತನಿಖಾ ವರದಿ ಹೇಳಿತ್ತು. ವರದಿ ಕಪಾಟು ಸೇರಿತ್ತು. ಅನುಭವ ಬೇಕಾದಷ್ಟಿದೆ, ಅಭ್ಯಾಸ ಮಾತ್ರ ಇಲ್ಲ. ಈ ಲೆಕ್ಕದಲ್ಲಿ ಟೆಕ್ಸಸ್ಸೂ ನಮ್ಮ ರಾಯರ ಗೋತ್ರದ್ದೇ.

ಅಧಿಕೃತ ಲೆಕ್ಕದಲ್ಲೇ ಆ ಚಳಿ 246 ಜೀವ ತೆಗೆದುಕೊಂಡಿತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನು ನಗುತ್ತಿರುವುದು ರಾಯರನ್ನು ಕಂಡು ಮಾತ್ರ.

ಸೋಮವಾರ ಬೆಳಿಗ್ಗೆ ಅವರು ಎರಡು ಸ್ವೆಟರು, ಒಂದು ಕಂಬಳಿ ಹೊದ್ದು ಬೇಲಿಯ ಬಳಿ ನಿಂತು ಪಕ್ಕದ ಮನೆಯ ಟೆಕ್ಸನ್ ಹಿರಿಯರಿಗೆ ಗ್ರಿಡ್ಡಿನ ಪಾಠ ಮಾಡುತ್ತಿದ್ದರು. "ನಿಮ್ಮ ಟೆಕ್ಸಸ್ಸು ಕೇಂದ್ರದ ಕಾಟ ಬೇಡ ಅಂತ ಬೇರೆ ಗ್ರಿಡ್ ಇಟ್ಟುಕೊಂಡಿದೆ. ಕಷ್ಟಕಾಲದಲ್ಲಿ ಪಕ್ಕದವರಿಂದ ತರೋಣ ಅಂದ್ರೆ ದಾರಿಯೇ ಸಣ್ಣದು. ನಮ್ಮಲ್ಲಿ ನೋಡಿ, 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನ್ ಜೋಡಿಸಿ ಇಡೀ ದೇಶಕ್ಕೆ ಒಂದೇ ಗ್ರಿಡ್ ಮಾಡಿದ್ವಿ!" ಮಾಹಿತಿ ನೂರಕ್ಕೆ ನೂರು ಸರಿ. "ಮಾಡಿದ್ವಿ" ಎನ್ನುವಾಗ ರಾಯರು ಆಸ್ಟಿನ್ನಿನಲ್ಲೇ ಇದ್ದರು ಎಂಬುದೊಂದು ಬಿಟ್ಟರೆ. ಹಿರಿಯರು ತಲೆಯಾಡಿಸಿ, ಸೌದೆ ಬೇಕೇ ಎಂದಷ್ಟೇ ಕೇಳಿದರು.

ಸೌದೆ ಎಂದ ಕೂಡಲೇ ರಾಯರಿಗೆ ಬಚ್ಚಲ ಒಲೆ ನೆನಪಾಯಿತು. ಮನೆಯೊಳಗೆ ಥರ್ಮಾಮೀಟರು ಆರು ಡಿಗ್ರಿ ತೋರಿಸುತ್ತಿತ್ತು, ಅಡುಗೆ ಒಲೆಯೂ ಕರೆಂಟಿನದೇ. ಹಿತ್ತಲಲ್ಲಿದ್ದ ಇದ್ದಿಲ ಗ್ರಿಲ್ಲನ್ನು ಹಾಲ್‌ಗೆ ಎಳೆದು ತಂದರು. "ನಮ್ಮಜ್ಜಿ ಮನೆಯಲ್ಲಿ ಮೂರು ಹೊತ್ತೂ ಒಳಗೇ ಬೆಂಕಿ ಉರೀತಿತ್ತು. ಯಾರಿಗೇನಾಗಿದೆ?" ವೈನಿ ಬಾಗಿಲಿಗೆ ಅಡ್ಡ ನಿಂತರು. "ಅಜ್ಜಿ ಮನಿಗೆ ಹಂಚಿತ್ರಿ, ಹಂಚಿನ ಸಂದ್ಯಾಗ ಹೊಗಿ ಹೋಗ್ತಿತ್ತು. ಇದು ಡಬ್ಬಿ ಮನಿ. ಬೆಳಗ್ಗಂದ್ರ ಎಲ್ಲಾರೂ ಅಲ್ಲೇ!" ವೈನಿ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಇದ್ದಿಲು ಹೊಗೆಯಾಡದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ವಾರ ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಆಸ್ಪತ್ರೆ ಸೇರಿದವರು, ಜೀವ ಕಳೆದುಕೊಂಡವರು ಟೆಕ್ಸಸ್ಸಿನಲ್ಲಿ ಕಡಿಮೆಯಿಲ್ಲ.

ಗ್ರಿಲ್ಲು ಹಿತ್ತಲಿಗೇ ಮರಳಿತು. ಹಿಮ ಬೀಳುತ್ತಿರುವಾಗ ಅದರ ಮೇಲೆ ಬಾಣಲೆಯಿಟ್ಟು ವೈನಿ ಮಾಡಿದ ಉಪ್ಪಿಟ್ಟು ಪಕ್ಕದ ಹಿರಿಯರಿಗೂ ಹೋಯಿತು. ನಲ್ಲಿಯ ತಲೆಯಿಂದ ಮಂಕಿ ಕ್ಯಾಪನ್ನು ರಾಯರು ವಾಪಸು ಪಡೆದರು.

ಬುಧವಾರ ನೀರಿನ ಒತ್ತಡ ಇಳಿಯಿತು. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ ಎಂದು ಆಸ್ಟಿನ್ ನಗರಕ್ಕೆ ಸೂಚನೆ ಹೊರಟಿತು. ಕರೆಂಟಿಲ್ಲದೆ ಎಲ್ಲಿ ಕುದಿಸುವುದು ಎಂಬುದು ಸೂಚನೆಯಲ್ಲಿರಲಿಲ್ಲ. ಟಾಯ್ಲೆಟ್ಟಿಗಾದರೂ ಆಯಿತೆಂದು ರಾಯರು ಬಕೆಟ್ಟಿನ ತುಂಬ ಹಿಮ ತುಂಬಿ ತಂದರು. ಕರಗಿದ ಮೇಲೆ ಒಂದು ಚೊಂಬು ನೀರಾಯಿತು. ವೈನಿಯ ಪಾತ್ರೆಗಳು ಆಗ ಒಂದೊಂದಾಗಿ ಕೆಲಸಕ್ಕೆ ಬಂದವು. ಅದೇ ದಿನ ಟೆಕ್ಸಸ್ಸಿನ ಸೆನೆಟರ್ ಟೆಡ್ ಕ್ರೂಜ್ ಮೆಕ್ಸಿಕೊದ ಕ್ಯಾನ್‌ಕೂನಿಗೆ ವಿಮಾನ ಹತ್ತಿ, ಬೈಗುಳಕ್ಕೆ ಮರುದಿನವೇ ಮರಳಿದರು. ಬರಗಾಲದಲ್ಲಿ ನಮ್ಮ ಶಾಸಕರು ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗುವುದನ್ನು ಕಂಡಿರುವ ರಾಯರು, "ಒಂದೇ ದಿನಕ್ಕೆ ವಾಪಸ್ ಬಂದನಲ್ಲ, ಇನ್ನೂ ಪಳಗಿಲ್ಲ" ಎಂದು ತೀರ್ಪು ಕೊಟ್ಟರು.

ಗುರುವಾರ ಕರೆಂಟು ಬಂತು. ಶುಕ್ರವಾರ ಬಿಸಿಲು ಬಂತು. ರಾಯರು ಗ್ರೂಪಿನಲ್ಲಿ ದೀರ್ಘ ವಿಜಯ ಸಂದೇಶ ಬರೆದರು. ಅದರ ಕೊನೆಯ ವಾಕ್ಯ ಹೀಗಿತ್ತು: "ಭಾರತದಲ್ಲಿ ಬೆಳೆದವರನ್ನು ಯಾವ ಬಿರುಗಾಳಿಯೂ ಅಲುಗಾಡಿಸಲಾರದು." ಸೋಫಾದಲ್ಲಿ ಕೂತು ಅದಕ್ಕೆ ಬರುವ ಹೆಬ್ಬೆರಳುಗಳನ್ನು ಎಣಿಸುತ್ತಿದ್ದಾಗ ಕೈಮೇಲೆ ಒಂದು ಹನಿ ಬಿತ್ತು.

ಪೈಪು ಒಡೆಯುವುದು ಚಳಿಯಲ್ಲಿ, ಗೊತ್ತಾಗುವುದು ಬಿಸಿಲಲ್ಲಿ. ಐಸು ಇರುವವರೆಗೆ ಬಿರುಕಿಗೆ ಅದೇ ಬಿರಡೆ. ಕರಗಿತೋ, ಬೀದಿಯ ಒತ್ತಡವೆಲ್ಲ ಒಳಗೆ. ರಾಯರು ತಲೆಯೆತ್ತಿ ನೋಡುವಷ್ಟರಲ್ಲಿ ಚಾವಣಿಯ ಜಿಪ್ಸಮ್ ಹಲಗೆ ಹೊಟ್ಟೆ ಬಿಟ್ಟಿತ್ತು. ಮುಂದಿನ ಕ್ಷಣ ಅದು ಸೋಫಾದ ಮೇಲಿತ್ತು, ಜೊತೆಗೆ ಅಟ್ಟದ ನಾರುಹತ್ತಿಯೂ ನೀರೂ. ಒಡೆದದ್ದು ಅತಿಥಿ ಕೋಣೆಯ ಬಚ್ಚಲ ಲೈನು. ಅದೊಂದೇ.

"ಮೇನ್ ಬಂದ್ ಮಾಡ್ರಿ!" ಎಂದು ವೈನಿ ಕೂಗಿದರು. ತುಮಕೂರಿನ ಮನೆಯ ಸಂಪಿನ ಗೇಟ್‌ವಾಲ್ವ್ ಎಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ ಮನುಷ್ಯನಿಗೆ ಸ್ವಂತ ಮನೆಯ ವಾಲ್ವು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಗ್ಯಾರೇಜು ಜಾಲಾಡಿದರು, ವಾಟರ್ ಹೀಟರಿನ ಹಿಂದೆ ಇಣುಕಿದರು, ಕೊನೆಗೆ ಇಂಟರ್ನೆಟ್ಟಿನಲ್ಲಿ ಹುಡುಕಲು ಕೂತರು. ಅಷ್ಟರಲ್ಲಿ ಪಕ್ಕದ ಹಿರಿಯರು ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು, ರಸ್ತೆಯಂಚಿನ ಹಿಮ ಕೆದಕಿ, ಮೀಟರ್ ಪೆಟ್ಟಿಗೆಯ ಮುಚ್ಚಳ ಎತ್ತಿ, ಕಾಲು ಸುತ್ತು ತಿರುಗಿಸಿದರು. ನೀರು ನಿಂತಿತು.

ಪ್ಲಂಬರ್ ಸಿಕ್ಕಿದ್ದು ವಾರಗಳಾದ ಮೇಲೆ. ಊರಿಗೆ ಊರೇ ಅವರನ್ನು ಹುಡುಕುತ್ತಿತ್ತು, ಹೊರರಾಜ್ಯಗಳಿಂದ ಕರೆಸಿದರೂ ಸಾಲಲಿಲ್ಲ. ಬಂದವನು ಒಡೆದ ತುಂಡನ್ನು ಕತ್ತರಿಸಿ ಕೈಗಿಟ್ಟಾಗ ರಾಯರು ಅದನ್ನು ತೊಳೆದು ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕದಲ್ಲಿ ಇಟ್ಟರು. ಏಪ್ರಿಲ್ಲಿನಲ್ಲಿ ಜೂಮ್ ಮೇಲೆ ನಡೆದ ಯುಗಾದಿಯಲ್ಲಿ ಅದನ್ನೇ ಕ್ಯಾಮೆರಾಕ್ಕೆ ಹಿಡಿದು, "ಚಳಿಗಾಲ ಮತ್ತು ಪೈಪು" ಎಂಬ ವಿಷಯದ ಮೇಲೆ ಮಾತಾಡಿದರು. ಹಿಗ್ಗುವ ಶೇಕಡಾ ಒಂಬತ್ತು, ಸಿಕ್ಕಿಹಾಕಿಕೊಂಡ ಒತ್ತಡ, ಹನಿಯ ಮಹತ್ವ ಎಲ್ಲವೂ ಬಂತು. ಅತಿಥಿ ಕೋಣೆಯ ನಲ್ಲಿಯೊಂದು ಬರಲಿಲ್ಲ. ಹಿಂದೆ ಕೂತಿದ್ದ ಪುಟ್ಟಿ ತನ್ನ ವಿಡಿಯೊ ಆಫ್ ಮಾಡಿಕೊಂಡು ನಕ್ಕಳಂತೆ.

ಆ ವರ್ಷವೇ ಜನರೇಟರ್ ಕೊಂಡರು. ಆಯುಧ ಪೂಜೆಗೆ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಕುಂಬಳಕಾಯಿ ಒಡೆದರು. ಮರುವರ್ಷವೂ ಹಾಗೇ. ಚಾಲೂ ಮಾಡುವ ಅಗತ್ಯ ಬಂದಿರಲಿಲ್ಲ.

ಬಂದದ್ದು 2023ರ ಫೆಬ್ರವರಿ ಮೊದಲ ವಾರ. ಈ ಸಲ ಹಿಮವಲ್ಲ, ಮುಟ್ಟಿದಲ್ಲೇ ಗಾಜಾಗುವ ಮಳೆ. ಗ್ರಿಡ್ಡಿಗೆ ಏನೂ ಆಗಲಿಲ್ಲ. ಮಂಜುಗಡ್ಡೆಯ ಭಾರಕ್ಕೆ ಆಸ್ಟಿನ್ನಿನ ಓಕ್ ಮರಗಳ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದು, ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ರಾಯರು ಜನರೇಟರಿನ ಹಗ್ಗ ಎಳೆದೇ ಎಳೆದರು. ಅದು ಕೆಮ್ಮಲೂ ಇಲ್ಲ. ಹಿರಿಯರು ಬಂದು ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲಿಲ್ಲ, ಎಂಜಿನ್ನಿನಲ್ಲಿ ಆಯಿಲ್ಲಿಲ್ಲ, ಬಳಕೆಯ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಬಂದಿಲ್ಲ. ಅವರೇ ಎರಡನ್ನೂ ತಂದು ಹುಯ್ದು, ಯಂತ್ರವನ್ನು ಗ್ಯಾರೇಜಿನಿಂದ ಅಂಗಳದ ಮಧ್ಯಕ್ಕೆ ಎಳೆದು, ಒಂದೇ ಎಳೆತಕ್ಕೆ ಚಾಲೂ ಮಾಡಿ ಎರಡು ಮನೆಗೂ ವೈರು ಹಾಯಿಸಿದರು.

ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರೂ ಕಾಫಿ ಕುಡಿಯುತ್ತಿದ್ದೆವು. ರಾಯರು ಲಿಂಗನಮಕ್ಕಿಯಿಂದ ಶುರುಮಾಡಿ, ಲೋಡ್ ಶೆಡ್ಡಿಂಗಿನ ಪಟ್ಟಿ ಮುಗಿಸಿ, ಸೀಮೆಎಣ್ಣೆ ಬುಡ್ಡಿಗೆ ಬಂದಿದ್ದರು. ಹಿರಿಯರಿಗೆ ನಿಜವಾದ ಕುತೂಹಲ.

"ಅಷ್ಟು ವರ್ಷ ಹಾಗೆ ಬದುಕಿದಿರಲ್ಲ, ನೀರು ತುಂಬಿಸೋದು, ದೀಪಕ್ಕೆ ಎಣ್ಣೆ ಹಾಕೋದು, ಬೆಂಕಿ ಹಚ್ಚೋದು, ಎಲ್ಲ ನೀವೇ ಮಾಡ್ತಿದ್ರಾ?"

ರಾಯರು ಕಾಫಿಯನ್ನು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು.

"ಇಲ್ಲ. ಅದೆಲ್ಲ ಅಮ್ಮ ಮಾಡ್ತಿದ್ರು."

ವೈನಿ ಲೋಟ ಕೆಳಗಿಟ್ಟರು. "ಇದೊಂದ್ ಮಾತು ಖರೇ ಹೇಳಿದ್ರಿ ನೋಡ್ರಿ."